ಗಿರಣಿಯ ಸಪ್ಪಳ ಹಿಡಿದವಳು

ಮೊನ್ನೆ ಕಾಲೇಜಿನ ಲ್ಯಾಬಿನಲ್ಲಿ ಕಪಾಟು ಒರೆಸುವಾಗ ಹಳೆಯ ಹೆಡ್‌ಫೋನೊಂದು ಕೈಗೆ ಬಂತು. ಅದರ ಸ್ಪಂಜು ಕಪ್ಪು ಪುಡಿಯಾಗಿ ಬೆರಳಿಗೆ ಮೆತ್ತಿತು. ಇಂಥದ್ದೇ ಒಂದನ್ನು ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದ ಸಹಪಾಠಿ ನೆನಪಾದಳು...

ಚಿಕ್ಕೋಡಿಯಲ್ಲಿ ನಾನು ಮಲ್ಟಿಮೀಡಿಯಾ ಓದುತ್ತಿದ್ದಾಗ ಮೇಡಂ ಚೀಟಿ ಎತ್ತಿ ಟೀಮು ಮಾಡಿದ್ದರು. ನಾಲ್ವರಿಗೆ ನಾನು ಲೀಡರು. ಕಬ್ಬೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಅವಳಿಗೆ ಧ್ವನಿಮುದ್ರಣದ ಕೆಲಸ. ಅವಳೂರಿನ ಹಿಟ್ಟಿನ ಗಿರಣಿಯ ಬಗ್ಗೆ ಕಿರುಚಿತ್ರ ಮಾಡುವುದೆಂದಾಯಿತು. ಮಾತು ಕಡಿಮೆಯ ಹುಡುಗಿ. ಗಿರಣಿಯ ಮೋಟರಿನ ಪಟ್ಟಾ ಓಡಲು ಶುರುವಾಗುವ ಸಪ್ಪಳವೊಂದಕ್ಕಾಗಿ ಅರ್ಧ ದಿನ ಕಾದು ನಿಂತಿದ್ದಳು. ನನಗೋ ಒಳಗೊಳಗೇ ಸಿಡಿಮಿಡಿ.

ಚಿತ್ರ ಸಲ್ಲಿಸಲು ಐದು ದಿನವಿದ್ದಾಗ ಅವಳು ಬರುವುದು ನಿಂತಿತು. ಧ್ವನಿಯೆಲ್ಲ ಇದ್ದ ಮೆಮರಿ ಕಾರ್ಡು ಅವಳ ಬಳಿಯೇ ಇತ್ತು. ಫೋನು ಹಚ್ಚಿದರೆ ಎತ್ತಲಿಲ್ಲ. ನನಗೆ ಊಟ ಸೇರದಾಯಿತು. ಒಬ್ಬಳಿಂದ ನಾಲ್ವರ ಅಂಕವೂ ಹೋಗುತ್ತದೆಂಬ ಭಯ. ಮೂರನೆಯ ದಿನ ತಡೆಯಲಾಗದೆ ಇಡೀ ಕ್ಲಾಸಿನ ಗ್ರೂಪಿಗೆ ಬರೆದುಬಿಟ್ಟೆ: ಕೆಲಸ ಮಾಡದವರ ಹೆಸರು ಚಿತ್ರದಲ್ಲಿ ಇರುವುದಿಲ್ಲ ಎಂದು, ಅವಳ ಹೆಸರು ಹಾಕಿಯೇ. ಮೇಡಂಗೆ ದೂರು ಹೇಳಲು ಹೋದರೆ ಅವರು ಕೇಳಿದ್ದು ಒಂದೇ ಮಾತು.

"ಆಕಿ ಮನಿಗೆ ಹೋಗಿ ನೋಡ್ಕೊಂಡ ಬಂದಿಯೇನು?"

ಹೋದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಕಾರ್ಡು ಕಳೆದಿದ್ದರೆ? ನೀರಿಗೆ ಬಿದ್ದಿದ್ದರೆ?

ಅವಳು ಎಮ್ಮೆಗೆ ಮೇವು ಹಾಕುತ್ತಿದ್ದಳು. ಪಡಸಾಲೆಯಲ್ಲಿ ಅವಳ ಅವ್ವ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು. ಅದನ್ನು ಕಣ್ಣಾರೆ ಕಂಡೂ ನನ್ನ ಬಾಯಿಂದ ಮೊದಲು ಬಂದದ್ದು, "ಕಾರ್ಡ್ ಎಲ್ಲೈತಿ?"

ಅವಳು ಕೈ ತೊಳೆದು, ಸೆರಗಿನಂತೆ ಹೊದ್ದ ಓಢಣಿಗೆ ಒರೆಸಿಕೊಂಡು, ಡಬ್ಬಿಯೊಂದರಿಂದ ಕಾರ್ಡು ತೆಗೆದುಕೊಟ್ಟಳು. ಜೊತೆಗೊಂದು ಹಾಳೆ. ಯಾವ ದೃಶ್ಯಕ್ಕೆ ಯಾವ ಸಪ್ಪಳ ಎಂಬುದನ್ನು ನಿಮಿಷ, ಸೆಕೆಂಡು ಸಮೇತ ಬರೆದಿಟ್ಟಿದ್ದಳು.

"ನೀ ಗ್ರೂಪಿನ್ಯಾಗ ಬರದಿದ್ದು ಓದೀನಿ," ಅಂದಳು. "ನನ್ನ ಹೆಸರ ತಗದ್ರೂ ನಡೀತೈತಿ. ಗಿರಣಿ ಸಪ್ಪಳ ಚೊಲೋ ಬಂದೈತಿ, ಅದನ್ನ ಮಾತ್ರ ತಗೀಬ್ಯಾಡ."

ಅವಳ ಅವ್ವ ಚಹಾ ಕುಡಿದು ಹೋಗೆಂದರು. ಬಸ್ಸಿನ ನೆಪ ಹೇಳಿ ಹೊರಟುಬಿಟ್ಟೆ.

ಹೆಸರು ತೆಗೆಯಲಿಲ್ಲ. ಚಿತ್ರ ನೋಡಿದ ಮೇಡಂ ಹೊಗಳಿದ್ದು ಧ್ವನಿಯನ್ನೇ. ಕೇಳಲು ಅವಳು ಅಲ್ಲಿರಲಿಲ್ಲ. ತಪ್ಪಾಯಿತೆಂದು ಗ್ರೂಪಿಗೆ ಬರೆಯಲು ಎಷ್ಟೋ ಸಲ ಟೈಪು ಮಾಡಿದೆ, ಎಲ್ಲರೂ ಓದುತ್ತಾರಲ್ಲ ಎಂದು ಅಳಿಸಿದೆ. ಮುಂದಿನ ಸೆಮಿಸ್ಟರಿಗೆ ಅವಳು ಬರಲೇ ಇಲ್ಲ. ಅವ್ವನ ಕಾಲೋ, ನನ್ನ ಆ ಎರಡು ಸಾಲೋ... ಕಾರಣ ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಅದೇ ವಿಷಯ ಕಲಿಸುತ್ತ ನಾನೇ ಟೀಮು ಮಾಡುತ್ತೇನೆ. ಪ್ರಾಜೆಕ್ಟಿನ ದಿನಗಳಲ್ಲಿ ಯಾರಾದರೂ ಎರಡು ದಿನ ಬಾರದಿದ್ದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರನ್ನೇ ಮತ್ತೆ ಮತ್ತೆ ನೋಡುತ್ತೇನೆ. ಮೊನ್ನೆ ಸಂಜೆ ಧೈರ್ಯ ಮಾಡಿ ಅವಳ ಹಳೆಯ ನಂಬರಿಗೆ ಫೋನು ಹಚ್ಚಿದೆ. ಒಬ್ಬ ಗಂಡಸು ಎತ್ತಿ, ಯಾರು ಬೇಕೆಂದು ಮರಾಠಿಯಲ್ಲಿ ಕೇಳಿದ. ಅವಳ ಹೆಸರು ಹೇಳಿದೆ. ಅಂಥವರು ಇಲ್ಲಿ ಯಾರೂ ಇಲ್ಲ ಅಂದ.