ಮಾದೇವಣ್ಣ ಕೊರಿಯಾ ಕಾರು ಹತ್ತಿದ್ದು

ಇವತ್ತು ಬೆಳಗ್ಗೆ ಪೇಪರ್ ತರಲು ಗೇಟಿನ ಹತ್ತಿರ ಹೋದರೆ ಮನೆ ಮುಂದೆ ಒಂದು ಕಾರು ನಿಂತಿತ್ತು. ಬಂದ ಸದ್ದೇ ಕೇಳಿಸಿರಲಿಲ್ಲ. ಬಾಗಿಲು ತೆರೆದುಕೊಂಡಿತು, ಒಳಗಿನಿಂದ ಹೊಸ ಕಾರಿನ ಆ ವಾಸನೆ ಬಂತು. ನಿಮಗೂ ಗೊತ್ತಿರುತ್ತದೆ: ಸೀಟಿನ ಪ್ಲಾಸ್ಟಿಕ್ ಕವರು, ರಬ್ಬರು, ಎಲ್ಲೋ ಒಂದಿಷ್ಟು ಅಂಟು, ಜೊತೆಗೆ ಪೂಜೆಯ ಹಾರದಲ್ಲಿ ಬಾಡುತ್ತಿರುವ ಚೆಂಡುಹೂವು. ಸ್ಟೇರಿಂಗಿನ ಹಿಂದೆ ಮಾದೇವಣ್ಣ ಕೂತಿದ್ದರು. ವಯಸ್ಸು ಎಪ್ಪತ್ತೊಂದು, ನಗು ಮಾತ್ರ ಕಾಲೇಜಿಗೆ ಚಕ್ಕರ್ ಹೊಡೆದ ಹುಡುಗನದು.

"ಏನ್ ನೋಡ್ತಾ ನಿಂತ್ರಿ ಮೇಷ್ಟ್ರೇ? ಬರ್ರಿ, ಕೂಡ್ರಿ. ಹರಿಹರಕ್ಕೆ ಹೋಗಿ ಬರಾಣ."

ಮಾದೇವಣ್ಣ ಕೊರಿಯಾ ಕಾರಿನಲ್ಲಿ! ಈ ಮಾತಿನ ತೂಕ ನಿಮಗೆ ತಿಳಿಯಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ನೀವೂ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಹರಿಹರ ಮುಟ್ಟುವುದರೊಳಗೆ ಹೇಳಿ ಮುಗಿಸುತ್ತೇನೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ವೇಗ, ವೇಗೋತ್ಕರ್ಷ ಎಂದು ಬೋರ್ಡಿನ ತುಂಬ ಬರೆದವನಿಗೆ ರಸ್ತೆಯಲ್ಲಿ ಐವತ್ತು ದಾಟಿದರೆ ಅಂಗೈ ಬೆವರುತ್ತಿತ್ತು. ಅಂಥವನು ಕೊಂಡ ಮೊದಲ ಕಾರು ಕೊರಿಯಾ ಕಂಪನಿಯದು, ಪುಟ್ಟದು, ಅಗಲಕ್ಕಿಂತ ಎತ್ತರವೇ ಹೆಚ್ಚೆನ್ನಿಸುವಂಥದ್ದು. ನಾಲ್ಕು ಮನೆ ಆಚೆಯಿದ್ದ ಮಾದೇವಣ್ಣ ನೋಡಲು ಬಂದರು. ತಲೆಮಾರುಗಳಿಂದ ಅರಳೆ ವ್ಯಾಪಾರ ಮಾಡಿದ ಮನೆತನ. ಯಾವ ಮಾಲನ್ನಾದರೂ ಮುಟ್ಟಿ ನೋಡದೆ ಬಿಡುವವರಲ್ಲ. ಬಾನೆಟ್ಟಿನ ಮೇಲೆ ಬೆರಳಿನಿಂದ ಟಕ್ಕೆಂದು ಬಡಿದರು, ಒಂದು ಸುತ್ತು ಬಂದರು.

"ಮೇಷ್ಟ್ರೇ, ಬಟ್ಟೆ ಇಡೋ ಬೀರುಗೆ ಗಾಲಿ ಹಾಕ್ದಂಗೈತಲ್ರಿ!"

ನನ್ನ ಹೆಂಡತಿ ಒಂದು ವಾರ ಅವರಿಗೆ ಚಹಾ ಕೊಡಲಿಲ್ಲ.

ಅವರು ಹಾಗೆ ಆಡಿಕೊಳ್ಳಲು ಕಾರಣವಿತ್ತು. ಅವರ ಬಳಿ ಇದ್ದದ್ದು ಜರ್ಮನಿಯ ಬೆಳ್ಳಿ ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚಿ ಹಿಂದಕ್ಕೆ ತಳ್ಳುವ ಛಾವಣಿ. ಮುಂಬೈಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಅದು ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯ ತಿರುವಿನಲ್ಲಿ ಗುರ್ರೆಂದರೆ ಆಟೋದವರು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಆದರೆ ಅದರ ಹೊಟ್ಟೆಗೂ ನೆಲಕ್ಕೂ ಮಧ್ಯೆ ಒಂದು ಗೇಣೂ ಇರಲಿಲ್ಲ. ರಸ್ತೆ ಉಬ್ಬು ಬಂದಾಗಲೆಲ್ಲ ಭಾರ ಕಡಿಮೆಯಾಗಲಿ ಎಂದು ನನ್ನನ್ನು ಇಳಿಸುತ್ತಿದ್ದರು. ನಾನು ಬಗ್ಗಿ ಅಡಿಗೆ ನೋಡುತ್ತ, "ಬರ್ರಿ, ಬರ್ರಿ, ಇನ್ನೊಂದಿಷ್ಟು" ಎಂದು ಕೈ ಮಾಡಬೇಕು. ಎಷ್ಟೋ ಸಲ ಮಾರ್ಕೆಟ್ಟಿನವರೆಗೆ ಆ ಕಾರಿನಲ್ಲಿ ಕೂತದ್ದಕ್ಕಿಂತ ಅದರ ಮುಂದೆ ನಡೆದದ್ದೇ ಹೆಚ್ಚು. ನನ್ನ ವಿದ್ಯಾರ್ಥಿಗಳು ಇದನ್ನು ನೋಡಿ ಕ್ಲಾಸಿನಲ್ಲಿ "ಬರ್ರಿ, ಬರ್ರಿ" ಅನ್ನತೊಡಗಿದರು.

ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆ ತಿನ್ನಲು ಮೂವರು ಸೇರುತ್ತಿದ್ದೆವು. ಮೂರನೆಯವರು ಹರಿಹರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಸಿದ್ಧೇಶಣ್ಣ. ಅವರದೂ ಒಂದು ಜರ್ಮನ್ ಕಾರು. ದೋಸೆ ಬರುವವರೆಗೆ ಅವರಿಬ್ಬರ ಮಾತು ಕಾರಿನದೇ. ಕೊರಿಯಾದ ಸುದ್ದಿ ಬಂದರೆ ಮಾದೇವಣ್ಣ ಕೈ ಅಲ್ಲಾಡಿಸಿ ತೀರ್ಪು ಕೊಡುತ್ತಿದ್ದರು: "ಮೈಲೇಜಿಗೆ ಛಲೋ, ಏಸಿಗೆ ಛಲೋ. ಎದಿ ಹಾರಬೇಕಂದ್ರ ಮಾತ್ರ ಅದರ ಹತ್ರ ಹೋಗಬ್ಯಾಡ್ರಿ."

ಅವರ ಒಬ್ಬಳೇ ಮಗಳು ಅಕ್ಷತಾ ನನ್ನ ವಿದ್ಯಾರ್ಥಿನಿ. ಹದಿನೆಂಟು ತುಂಬಿ ಲೈಸೆನ್ಸ್ ಬಂದ ದಿನ ಅವಳು ಬೆಳ್ಳಿ ಕಾರಿನ ಕೀಲಿ ಕೇಳಿದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ.

"ಬ್ಯಾಡ ತಾಯಿ. ಅದರ ಕ್ಲಚ್ ಭಾಳ ಗಟ್ಟಿ ಐತೆ."

"ನಾನೂ ಗಟ್ಟಿ ಅದೀನಿ ಅಪ್ಪಾಜಿ."

ಅವರು ನಕ್ಕರು, ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅವಳು ಇನ್ನೊಮ್ಮೆ ಕೇಳಲಿಲ್ಲ. ನಾನಾದರೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಭಾನುವಾರ ಆ ಎರಡನೇ ಸೀಟಿನಲ್ಲಿ ಕೂರಬೇಕಾದವನು ನಾನೇ ಆಗಿದ್ದೆನಲ್ಲ!

ಅಕ್ಷತಾ ಎಂಜಿನಿಯರಿಂಗ್ ಓದಿ, ಊರ ಪಕ್ಕದ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ತೆರೆದಳು. ಈಗ ಅಲ್ಲಿ ಮೂವತ್ತು ಜನ ಕೆಲಸ ಮಾಡುತ್ತಾರೆ. ಹೋದ ವರ್ಷ ಮಾದೇವಣ್ಣನಿಗೆ ಕೊನೆಯದಾಗಿ ಒಂದು ಹೊಸ ಸ್ಪೋರ್ಟ್ಸ್ ಕಾರು ಕೊಳ್ಳುವ ಹುಮ್ಮಸ್ಸು ಬಂತು. ಮತ್ತೆ ಜರ್ಮನಿಯದೇ. ಅದರ ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ನನಗೆ ತೋರಿಸುತ್ತ ಕೂತಿದ್ದಾಗ ಮಗಳು ಬಂದು, ತಾನೇ ಒಂದು ಕಾರು ತಗೊಂಡಿದ್ದೇನೆ, ಹೊರಗೆ ಐತೆ ನೋಡಿ ಎಂದಳು. ಕೊರಿಯಾದ ವಿದ್ಯುತ್ ಕಾರು. ಕಡು ನೀಲಿ.

ಮಾದೇವಣ್ಣ ಕಿಟಕಿಯಿಂದಲೇ ನೋಡಿದರು. "ಫ್ಯಾಕ್ಟರಿಗೆ ಹೋಗಿ ಬರಾಕ ಸಾಕು ಬಿಡು."

ಅವಳು ಅಲ್ಲಿಯೇ ಕೂತಳು. ದನಿ ಏರಿಸಲಿಲ್ಲ. "ಅಪ್ಪಾಜಿ, ಮೊದಲನೇ ಸಲ ಪುಣೆಯ ಪಂಪ್ ಕಂಪನಿಗೆ ನನ್ನ ಸ್ಯಾಂಪಲ್ ತಗೊಂಡು ಹೋದಾಗ ಅವರು ಡಬ್ಬಿ ತೆಗೀಲಿಲ್ಲ. ಯಾವ ಊರು ಅಂದ್ರು. ದಾವಣಗೆರೆ ಅಂದೆ. ನಕ್ಕರು. ದೋಸೆ ತಂದೀರೇನು ಅಂದ್ರು. ಅಳತೆ ಹಚ್ಚಿ ನೋಡ್ರಿ, ಆಮ್ಯಾಲೆ ನಗ್ರಿ ಅಂದೆ. ನಿಮಗೂ ಅದನ್ನೇ ಹೇಳ್ತೀನಿ."

ಈ ಪುಣೆಯ ಕತೆ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಾದೇವಣ್ಣ ಚಿತ್ರಗಳನ್ನು ಒಟ್ಟು ಮಾಡಿ ಪಕ್ಕಕ್ಕಿಟ್ಟರು. "ಆಯ್ತು. ಅಳತೆ ಹಚ್ಚಾಣ. ಸಿದ್ಧೇಶಿ ಗಿರಣಿ ಕಣ ಖಾಲಿ ಐತೆ" ಎಂದರು.

ಹೀಗೆ ಒಂದು ಭಾನುವಾರ ನಾವೆಲ್ಲ ಹರಿಹರಕ್ಕೆ ಹೋದೆವು. ಭತ್ತ ಒಣಗಿಸುವ ವಿಶಾಲವಾದ ಕಾಂಕ್ರೀಟ್ ಕಣ. ಸುತ್ತ ಕಾಂಪೌಂಡು; ಜನ, ದನ ಬರುವಂತಿಲ್ಲ. ಸಿದ್ಧೇಶಣ್ಣ ತೌಡಿನ ಚೀಲಗಳನ್ನು ದೂರ ದೂರ ನಿಲ್ಲಿಸಿದ್ದರು. ಅವುಗಳ ನಡುವೆ ಹಾವಿನಂತೆ ಸುತ್ತಿ, ಕೊನೆಯ ಚೀಲ ಬಳಸಿ, ನೇರ ದಾರಿಯಲ್ಲಿ ಹೊರಟ ಜಾಗಕ್ಕೆ ಬರಬೇಕು. ಸಮಯ ನೋಡುವ ಕೆಲಸ ನನ್ನದು. ನನ್ನ ಕೈ ಆಗಲೇ ಬೆವತಿತ್ತು.

ಮೊದಲು ಮಾದೇವಣ್ಣ. ಅಬ್ಬಾ, ಆ ಮನುಷ್ಯ ಆ ಬೆಳ್ಳಿ ಕಾರನ್ನು ಹೇಗೆ ಓಡಿಸಿದರು ಅಂತೀರಿ! ಛಾವಣಿ ತೆಗೆದು, ತಲೆಗೆ ಟವೆಲ್ ಸುತ್ತಿಕೊಂಡು, ಚೀಲದ ಪಕ್ಕ ಒಂದಂಗುಲ ಬಿಟ್ಟು ಹೊರಳಿಸಿದರು. ಎಂಜಿನ್ನಿನ ಸದ್ದಿಗೆ ಗಿರಣಿಯ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. ನಲವತ್ತೆರಡು ಸೆಕೆಂಡು. ಆಮೇಲೆ ಅಕ್ಷತಾ. ಅವಳ ಕಾರಿಗೆ ಭಾರ ಹೆಚ್ಚು. ಎರಡನೇ ತಿರುವಿನಲ್ಲೇ ಚೀಲಕ್ಕೆ ತಾಗಿ ತೌಡು ಚೆಲ್ಲಿತು. ಸಿದ್ಧೇಶಣ್ಣ "ಹೋತು!" ಎಂದು ಚಪ್ಪಾಳೆ ತಟ್ಟಿದರು. ಅವಳು ಹಿಂದಕ್ಕೆ ಬಂದು, "ಸರ್, ಇನ್ನೊಂದು ಸಲ" ಎಂದಳು.

ಈ ಸಲ ತಿರುವುಗಳಲ್ಲಿ ತಾಳ್ಮೆಯಿಂದ ಹೋದಳು. ತಂದೆಗಿಂತ ನಿಧಾನವೇ. ಕೊನೆಯ ಚೀಲ ದಾಟಿ ಮೂತಿ ನೇರವಾಯಿತು ನೋಡಿ, ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಅವತ್ತು ಮೊದಲ ಸಲ ಕಣ್ಣಾರೆ ಕಂಡೆ! ಸದ್ದಿಲ್ಲ, ಹೊಗೆಯಿಲ್ಲ, ಅಲ್ಲಿದ್ದ ಕಾರು ಇಲ್ಲಿತ್ತು. ಸ್ಟಾಪ್‌ವಾಚು ಒತ್ತಿ ನೋಡಿದೆ. ಮೂವತ್ತೊಂಬತ್ತು.

ಎಲ್ಲರೂ ನನ್ನ ಕಡೆ ತಿರುಗಿದರು. ಒಪ್ಪಿಕೊಳ್ಳುತ್ತೇನೆ, ಆ ಕ್ಷಣ ನನ್ನ ನಾಲಿಗೆಯ ತುದಿಗೆ ನಲವತ್ತಮೂರು ಬಂದು ನಿಂತಿತ್ತು. ಗೆಳೆಯನ ಮುಖ ಒಂದು ಕಡೆ. ಕೀಲಿ ಕೇಳಿ ಬರಿಗೈಯಲ್ಲಿ ಒಳಗೆ ಹೋದ ಹುಡುಗಿ ಇನ್ನೊಂದು ಕಡೆ.

"ಮೇಷ್ಟ್ರೇ, ಇದ್ದದ್ದು ಹೇಳ್ರಿ" ಎಂದರು ಮಾದೇವಣ್ಣ.

ಹೇಳಿದೆ. ಅವರು ತಲೆಯ ಟವೆಲ್ ಬಿಚ್ಚಿ, ಮುಖ ಒರೆಸಿಕೊಂಡು, ಸೀದಾ ನೀಲಿ ಕಾರಿನ ಕಡೆ ನಡೆದರು. ಓಡಿಸಲು ಕೀಲಿ ಕೇಳುತ್ತಾರೆ ಎಂದುಕೊಂಡೆ. ಅವರು ಆ ಕಡೆಯ ಬಾಗಿಲು ತೆಗೆದು ಮಗಳ ಪಕ್ಕದಲ್ಲಿ ಕೂತರು. "ನೀನೇ ಓಡ್ಸು. ಹೆಂಗೆ ಮಾಡ್ದಿ ನೋಡ್ತೀನಿ."

ಅವರು ಮಗಳ ಪಕ್ಕದ ಸೀಟಿನಲ್ಲಿ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾರು ಹೋಯಿತು, ಬಂತು. ಇಳಿದವರು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ನಮಗೆ ಗಾಬರಿಯಾಯಿತು. ಅವರು ನಗುತ್ತಿದ್ದರು!

"ಸಿದ್ಧೇಶೀ, ಸದ್ದಿಲ್ದಂಗ ಎದಿಗೆ ಒದೀತೈತಲೇ ಇದು!"

ಆಮೇಲೆ ಜೇಬಿಗೆ ಕೈ ಹಾಕಿ ಬೆಳ್ಳಿ ಕಾರಿನ ಕೀಲಿ ತೆಗೆದು ಮಗಳ ಅಂಗೈ ಮೇಲಿಟ್ಟರು. "ಅವತ್ತೇ ಕೊಡಬೇಕಿತ್ತು" ಎಂದರು. ಅಷ್ಟೇ. ಅಕ್ಷತಾ ಹತ್ತಿ ಕೂತಳು, ಎರಡು ಸಲ ಎಂಜಿನ್ ಬಂದ್ ಆಯಿತು, ಮೂರನೇ ಸಲ ಹೊರಟಳು. ಕಣದ ಆ ತುದಿಯಿಂದ ಅವಳ ಕೂಗು ಕೇಳಿಸಿತು: "ಕ್ಲಚ್ ಖರೇನೆ ಗಟ್ಟಿ ಐತೆ ಅಪ್ಪಾಜಿ!" ಮಾದೇವಣ್ಣ ನಗಲು ಹೋಗಿ ನನ್ನ ಕಡೆಗೆ ಬೆನ್ನು ಮಾಡಿ ನಿಂತರು.

ಜರ್ಮನ್ ಕಾರಿನ ಚಿತ್ರಗಳು ಮರುದಿನವೇ ರದ್ದಿಗೆ ಹೋದವು. ಈಗ ನಾವು ಕೂತಿರುವುದು ಮಾದೇವಣ್ಣ ತಮಗೆಂದೇ ಕೊಂಡ ಅಂಥದ್ದೇ ಕೊರಿಯಾ ವಿದ್ಯುತ್ ಕಾರು. ದೋಸೆಯ ಮೇಜಿನಲ್ಲಿ ಈಗ ಸಿದ್ಧೇಶಣ್ಣನೂ ಬ್ಯಾಟರಿ, ಚಾರ್ಜಿಂಗ್ ಎಂದು ಏನೇನೋ ಕೇಳುತ್ತಾರೆ. ಶಿವಮೊಗ್ಗ, ಹುಬ್ಬಳ್ಳಿಯಿಂದ ಫೋನ್ ಮಾಡುವ ಸ್ಪೋರ್ಟ್ಸ್ ಕಾರಿನ ಹುಚ್ಚರಿಗೆ ಮಾದೇವಣ್ಣ ಹೇಳುವುದು ಒಂದೇ: "ಹೆಸರು ಬಿಡ್ರಿ, ಮೊದಲು ಕೂತು ನೋಡ್ರಿ."

ಇಗೋ, ಗಿರಣಿ ಬಂತು. ಕತೆ ಹೇಳುತ್ತ ವೇಗ ಎಷ್ಟೆಂದು ನೋಡಲು ಮರೆತಿದ್ದೆ, ಅಂಗೈ ಕೂಡ ಒಣಗಿಯೇ ಇದೆ. ಮಾದೇವಣ್ಣ ಕಣದ ಮಧ್ಯೆ ಕಾರು ನಿಲ್ಲಿಸಿ ಇಳಿದರು.

"ಈ ಕಡೆ ಬರ್ರಿ ಮೇಷ್ಟ್ರೇ. ಇವತ್ತು ನೀವು."

ಬೇಡ ಎನ್ನಲು ಬಾಯಿ ತೆರೆದೆ. ಕಾಲುಗಳು ಆಗಲೇ ಆ ಕಡೆಗೆ ನಡೆದಿದ್ದವು. ಕೂತು, ಬೆಲ್ಟು ಹಾಕಿ, ಪೆಡಲ್ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು, ಹೊಟ್ಟೆ ಹಿಂದೆಯೇ ಉಳಿಯಿತು, ಕಾಂಪೌಂಡಿನ ಗೋಡೆ ನನ್ನತ್ತ ಓಡಿ ಬಂತು. ಬಾಯಿಂದ ಏನು ಕೂಗು ಬಂತೋ ಗೊತ್ತಿಲ್ಲ, ಮೇಷ್ಟರ ಕೂಗಂತೂ ಆಗಿರಲಿಲ್ಲ. ಬ್ರೇಕ್ ಹಾಕಿ, ತಿರುಗಿಸಿ ಬಂದು ನಿಲ್ಲಿಸಿದಾಗ ಮಾದೇವಣ್ಣ ಕಿಟಕಿಗೆ ಬಗ್ಗಿ, "ಸಾಕೇನ್ರಿ? ಇಳೀರಿ ಇನ್ನ" ಎಂದರು.

"ಒಂದು ನಿಮಿಷ ಸರೀರಿ ಆ ಕಡೆ" ಎಂದೆ. "ಇನ್ನೊಂದು ಸುತ್ತು ಐತೆ."