ತಂಗಿ ಬಡಿದ ರೊಟ್ಟಿ, ಹೋಟೆಲಿನ ರೇಟು

ಒಂದು ಜೋಳದ ರೊಟ್ಟಿಗೆ ಇಪ್ಪತ್ತೈದು ರೂಪಾಯಿ ಕೊಟ್ಟು ಬಂದೆ. ಇಂಡಿ ಬಜಾರದಲ್ಲಿ ಬುಟ್ಟಿ ಹೊತ್ತು ನಿಂಬೆಹಣ್ಣು ಮಾರಿ ಸ್ವಂತ ಅಂಗಡಿ ಮಾಡಿಕೊಂಡ ನಾನು! ನಮ್ಮ ಕಡೆ ಖಾನಾವಳಿಯಲ್ಲಿ ರೊಟ್ಟಿ ಎಣಿಸುವ ಪದ್ಧತಿಯೇ ಇರಲಿಲ್ಲ. ಸಾಕೆನ್ನುವ ತನಕ ಹಾಕುತ್ತಿದ್ದರು. ಬಾಗೇವಾಡಿಯ ಈ ಹೊಸ ಹೋಟೆಲಿನಲ್ಲಿ ರೊಟ್ಟಿಗೆ ಬೇರೆ, ಪಲ್ಯಕ್ಕೆ ಬೇರೆ, ಹೆಚ್ಚಿದ ಉಳ್ಳಾಗಡ್ಡಿಗೂ ಅರ್ಧ ನಿಂಬೆಹಣ್ಣಿಗೂ ಬೇರೆ ರೇಟು. ನನ್ನೊಬ್ಬನ ಬಿಲ್ಲಿನಲ್ಲಿ ನಮ್ಮ ಮನೆಯ ಐದೂ ಜನ ಹೊಟ್ಟೆ ತುಂಬ ಉಣ್ಣುತ್ತಾರೆ.

"ಯಾಕ್ರಿ ಇಷ್ಟು?" ಎಂದು ಮಾಲೀಕನನ್ನು ಕೇಳಿದೆ.

"ಕೈಲೆ ಬಡದದ್ದು ಐತ್ರಿ ಸಾಹುಕಾರ್ರ. ಮಸೂತಿ ಹಳ್ಳಿಯಿಂದ ಒಬ್ಬ ಅಕ್ಕಾರು ದಿನಾ ಕಳಸ್ತಾರ."

ಮಸೂತಿಯಿಂದ ಹೋಟೆಲಿಗೆ ರೊಟ್ಟಿ ಕಳಿಸುವವಳು ನನ್ನ ತಂಗಿ. ಒಂದಕ್ಕೆ ಆರು ರೂಪಾಯಿ ಸಿಗುತ್ತದೆಂದು ಅವಳೇ ಹೇಳಿದ್ದಳು. ಮೈ ಉರಿಯಿತು. ನೆಟ್ಟಗೆ ಅವಳ ಮನೆಗೆ ಹೋದೆ. ಒಲೆಯ ಮುಂದೆ ಕುಳಿತಿದ್ದಳು.

"ಹಿಟ್ಟು, ಕಟ್ಟಿಗಿ ಹೋಗಿ ಏನ್ ಉಳಿತೈತಿ ನಿನಗ?"

"ಎರಡು ರೂಪಾಯಿ, ಅಣ್ಣಾ."

"ಮತ್ತ ನಿನ್ನ ಕೂಲಿ?"

"ಅದ ಎರಡು ರೂಪಾಯಿ!"

ಹತ್ತು ಕೇಳು ಎಂದೆ. ಅವಳು ಬೆಚ್ಚಿದಳು.

"ಅಂವ ಬ್ಯಾಡ ಅಂದ್ರ? ಮಗಳ ಕಾಲೇಜ್ ಫೀ ಇದರಾಗ ಹೊಂಟೈತಿ. ನಿನ್ನ ನಿಂಬೆಹಣ್ಣಿನಂಗ ನನ್ನ ರೊಟ್ಟಿನೂ ಹರಾಜ್ ಹಾಕಬ್ಯಾಡಪ್ಪಾ."

ಆದರೂ ಮರುದಿನ ಸೆರಗು ಬಿಗಿದುಕೊಂಡು ನನ್ನ ಜೊತೆ ಹೋಟೆಲಿಗೆ ಬಂದಳು. ಹತ್ತು ರೂಪಾಯಿ ಎಂದು ತಾನೇ ಬಾಯಿಬಿಟ್ಟು ಕೇಳಿದಳು. ಮಾಲೀಕ ನಕ್ಕ.

"ಮಷೀನ್ ರೊಟ್ಟಿ ಇದಕ್ಕೂ ಸೋವಿ ಸಿಗ್ತಾವು, ಅಕ್ಕಾರ. ನಾಳಿಂದ ಅವನ್ನ ತರಸ್ತೇನಿ."

ತಂಗಿಯ ಮುಖ ಸಣ್ಣದಾಯಿತು. ನಾನು ಬಾಗಿಲ ಮೇಲಿನ ಬೋರ್ಡು ತೋರಿಸಿದೆ.

"ತರಸ್ರಿ. ಮದಲ ಅಲ್ಲೆ ‘ಕೈರೊಟ್ಟಿ’ ಅಂತ ಬರದದ್ದು ಅಳಸ್ರಿ. ಅಳಿಸಿದ ಮ್ಯಾಲೆ ಇಪ್ಪತ್ತೈದು ಯಾರು ಕೊಡ್ತಾರ ನೋಡೂಣು."

ಅವನ ನಗು ನಿಂತಿತು. ಜಗ್ಗಾಡಿ ಜಗ್ಗಾಡಿ ಒಂಬತ್ತಕ್ಕೆ ಒಪ್ಪಿದ. ತಂಗಿಗೆ ಮೂರು ರೂಪಾಯಿ ಹೆಚ್ಚಾಯಿತು. ಮುಂದಿನ ವಾರ ಹೋಗಿ ನೋಡಿದರೆ ಗಿರಾಕಿಗೆ ಮೂವತ್ತು ಮಾಡಿದ್ದ, ಪುಣ್ಯಾತ್ಮ! ಕೇಳಿದರೆ, "ನಿಮ್ಮ ತಂಗಿಯವರು ರೊಟ್ಟಿ ರೇಟ್ ಏರಿಸ್ಯಾರಲ್ರಿ" ಎಂದ.

ಹೋಟೆಲಿನಲ್ಲಿ ಕೈ ತೊಳೆಯುವ ಮೊದಲೇ ಪ್ರತಿಯೊಂದರ ರೇಟು ಕೇಳಿಕೊಳ್ಳಿರಿ, ನಾಚಿಕೆ ಬೇಡ. ಮನೆಯ ಊಟದ ಲೆಕ್ಕ ಹಾಕುವಾಗ ಹಿಟ್ಟು, ಗ್ಯಾಸಿನ ಜೊತೆ ಬಡಿಯುವ ಕೈಯ ಕೂಲಿಯನ್ನೂ ಹಿಡಿಯಿರಿ. ಹಿಡಿದರೂ ಅಗ್ಗವೇ. ಮನೆಯಲ್ಲಿ ಬಡಿಯಲಾಗದ ದಿನ ನಿಮ್ಮ ಓಣಿಯಲ್ಲಿ ರೊಟ್ಟಿ ಮಾರುವ ಮನೆಗೇ ಹೋಗಿ ತನ್ನಿರಿ, ಪಲ್ಯ ನೀವೇ ಮಾಡಿಕೊಳ್ಳಿರಿ. ಆ ಮನೆಯ ಬಾಗಿಲಲ್ಲಿ ಮಾತ್ರ ಚೌಕಾಸಿ ಮಾಡಬೇಡಿರಿ.