ಗಂಟಲ ಮೇಲೆ ಬೆರಳಿಟ್ಟ ಗಿರಿಜಮ್ಮ ಮೇಡಂ

"ಹಮಾಲನ ಮಗಳಿಗೆ ಡೇನಿಷ್ ಬರಾಕೆ ಸಾಧ್ಯ ಏನೇ? ಸುಮ್ನೆ ಇರು" ಎಂದವರು ನಮ್ಮ ದೊಡ್ಡಪ್ಪ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಅದೂ ನರ್ಸಿಂಗ್. ಡೆನ್ಮಾರ್ಕಿನ ಆಸ್ಪತ್ರೆಗೆ ಅರ್ಜಿ ಹಾಕಬೇಕೆಂದರೆ ಮೊದಲು ಭಾಷೆಯ ಪರೀಕ್ಷೆ ಪಾಸಾಗಬೇಕು. ಚನ್ನಗಿರಿಯಲ್ಲಿ ಆ ಭಾಷೆ ಬಲ್ಲವರು ಒಬ್ಬರೇ: ಇಪ್ಪತ್ತು ವರ್ಷ ಅಲ್ಲಿ ನರ್ಸಾಗಿದ್ದು ಊರಿಗೆ ಮರಳಿದ್ದ ಗಿರಿಜಮ್ಮ ಮೇಡಂ.

ಅವರ ಪಾಠ ಪುಸ್ತಕದಿಂದ ಶುರುವಾಗುತ್ತಿರಲಿಲ್ಲ. ನನ್ನ ಬೆರಳು ಹಿಡಿದು ತಮ್ಮ ಗಂಟಲ ಮೇಲೆ ಇಟ್ಟುಕೊಳ್ಳುತ್ತಿದ್ದರು. "ಕಿವಿಗೆ ಸಿಗಲ್ಲ ಇದು, ಬೆರಳಿಗೆ ಸಿಗತೈತೆ."

"ಸಾವಿರ ವರ್ಷದ ಹಿಂದೆ ಡೇನರು, ಸ್ವೀಡನ್ನಿನವರು, ನಾರ್ವೆಯವರು ಹೆಚ್ಚುಕಮ್ಮಿ ಒಂದೇ ಮಾತಾಡ್ತಿದ್ರು ಕಣೇ. ನಮ್ಮ ಶಾಸನದಂಗೆ ಕಲ್ಲಿನ ಮೇಲೆ ಕೆತ್ತಿಟ್ಟಾರೆ. ಆಮೇಲೆ ಡೇನರು ಒಂದೊಂದೇ ಅಕ್ಷರ ನುಂಗಾಕೆ ಹತ್ತಿದ್ರು. ಬರೆಯೋದು ಮಾತ್ರ ಬಿಡಲಿಲ್ಲ!" ಐವತ್ತನ್ನು ಡೇನರು ಎರಡೂವರೆ ಇಪ್ಪತ್ತು ಎಂದು ಎಣಿಸುತ್ತಾರೆಂದು ಕೇಳಿ ನಾನು ಬಾಯಿ ತೆರೆದು ಕುಳಿತಿದ್ದೆ.

ಎಲ್ಲ ಬಂತು, ಒಂದು ಬರಲಿಲ್ಲ. ಕೆಲವು ಪದಗಳನ್ನು ಆಡುವಾಗ ಡೇನರು ಉಸಿರನ್ನು ಗಂಟಲಲ್ಲಿ ಅರೆಕ್ಷಣ ತಡೆದು ಬಿಡುತ್ತಾರೆ. ತಿಂಗಳುಗಟ್ಟಲೆ ಹೆಣಗಿದೆ. "ಇದು ಬರೋತನಕ ಪರೀಕ್ಷೆ ಕಟ್ಟಬೇಡ" ಎಂದುಬಿಟ್ಟರು ಮೇಡಂ.

ಒಂದು ಬೆಳಿಗ್ಗೆ ನನ್ನನ್ನು ಅಪ್ಪ ದುಡಿಯುವ ಅಡಿಕೆ ಮಂಡಿಗೇ ಕರೆದುಕೊಂಡು ಹೋದರು. ಅಪ್ಪ ಬಗ್ಗಿ, ಚೀಲಕ್ಕೆ ಕೊಕ್ಕೆ ಹಾಕಿ, ಒಂದೇ ಪಟ್ಟಿಗೆ ಬೆನ್ನಿಗೇರಿಸಿದ.

"ಕೇಳ್ದ್ಯಾ? ಗಂಟಲಾಗೆ ಉಸಿರು ಹೆಂಗೆ ಕಚ್ಚಿಕೊಂತು! ಅದೇ ಕಣೇ!"

"ಮೇಡಮ್ಮರೇ, ಚೀಲ ಎತ್ತೋದೂ ಪಾಠ ಆತೇನ್ರೀ?" ಅಪ್ಪ ನಕ್ಕ.

"ಆತಪ್ಪಾ. ನಿಂಗೆ ಬಂದಿರೋದು ನಿನ್ನ ಮಗಳಿಗೆ ಬರ್ತಿಲ್ಲ. ಹೇಳಿಕೊಡು."

ಹಮಾಲರೆಲ್ಲ ನೋಡುತ್ತಿದ್ದಂತೆ ಅರ್ಧ ತುಂಬಿದ ಚೀಲ ಎತ್ತುತ್ತಾ ಅಂಥದೊಂದು ಡೇನಿಷ್ ಪದ ಹೇಳಿದೆ. ಇಪ್ಪತ್ತು ಸಲ, ಮೂವತ್ತು ಸಲ. ಆಮೇಲೆ ಚೀಲವಿಲ್ಲದೆ. ನನ್ನ ಗಂಟಲ ಮೇಲೆ ಬೆರಳಿಟ್ಟಿದ್ದ ಮೇಡಂ "ಬಂತು ಕಣೇ, ಇನ್ನು ಪರೀಕ್ಷೆ ಕಟ್ಟು" ಎಂದರು. ಕಡಲಾಚೆಯ ನಾಡಿನ ಉಸಿರು ಇಷ್ಟು ದಿನ ನಮ್ಮಪ್ಪನ ಗಂಟಲಲ್ಲೇ ಇತ್ತಲ್ಲ ಎಂದು ನನಗೆ ಮೈ ಜುಮ್ಮೆಂದಿತು.

ಪರೀಕ್ಷೆ ಬರೆದೆ. ಫಲಿತಾಂಶ ಬರುವ ಮೊದಲೇ ಮೇಡಂ ತೀರಿಕೊಂಡರು.

ಸರ್ಟಿಫಿಕೇಟ್ ಅಂಚೆಯಲ್ಲಿ ಬಂತು. ಮಂಡಿಗೆ ಒಯ್ದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಟವೆಲ್ಲಿಗೆ ಕೈ ಒರೆಸಿಕೊಂಡು ಹಿಡಿದ, ಬಹಳ ಹೊತ್ತು ನೋಡಿದ.

"ಇದ್ರಾಗೆ ಮೇಡಮ್ಮರ ಹೆಸರು ಎಲ್ಲೈತವ್ವಾ?"

"ಇಲ್ಲಪ್ಪ."

ಅಪ್ಪ ಹಾಳೆಯನ್ನು ತಿರುಗಿಸಿದ. "ಹಿಂದ್ಗಡೆ ಇಷ್ಟು ಜಾಗ ಖಾಲಿ ಬಿಟ್ಟಾರಲ್ಲ. ನೀನೇ ಬರಿ."